ಮರಳಿ ಮರಳಿ ಬರುವ ಪಿತ್ತದ ಗಂಧೆ



ಸಾಯಂಕಾಲ ದೀಪ ಹಚ್ಚುವ ಹೊತ್ತು. ಮನೆಯಲ್ಲಿ ಎಲ್ಲರೂ ಸುಖವಾಗಿ ಮಾತನಾಡುತ್ತ ಕುಳಿತಿರುವರು. ಆಗ ಒಬ್ಬರ ಮೊಣಕೈಯ ಬಳಿ ಸಣ್ಣಗೆ ತುರಿಕೆ ತೊಡಗುವುದು. ಕೆರೆದ ಕಡೆ ಕೆಂಪಗೆ ಉಬ್ಬುವುದು. ಕೆರೆಯದ ಕಡೆಯೂ ಉಬ್ಬುವುದು. ಅರ್ಧ ಗಂಟೆಯೊಳಗೆ ಹೊಟ್ಟೆ, ಬೆನ್ನು, ತೊಡೆ ಎಲ್ಲೆಲ್ಲಿಯೂ ಕಣಜ ಕಡಿದಂತೆ ದದ್ದುಗಳು ಎದ್ದು ಒಂದರೊಡನೊಂದು ಕೂಡಿಕೊಳ್ಳುವುವು. ಮನೆಯ ಅಜ್ಜಿಯು ಪಿತ್ತ ಕೆದರಿದೆ ಎಂದು ಹೇಳಿ ಒಳಗಿನಿಂದ ಕರಿಯ ಕಂಬಳಿಯನ್ನು ತಂದು ಹೊದಿಸುವಳು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಾಗುವ ಹೊತ್ತಿಗೆ ಮೈ ಮೊದಲಿನಂತೆಯೇ ನುಣುಪು! ವೈದ್ಯನಿಗೆ ತೋರಿಸೋಣವೆಂದು ಹೋದರೆ ತೋರಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ರೋಗಿಯು ಹೇಳಿದ್ದನ್ನು ವೈದ್ಯನು ನಂಬಬೇಕು, ಅಷ್ಟೆ.

ಇದೇ ಪಿತ್ತದ ಗಂಧೆ. ಒಂದು ದಿನ ಬಂದು ನಾಲ್ಕು ದಿನದಲ್ಲಿ ತಾನಾಗಿಯೇ ಹೋಗುವ ಗಂಧೆಯನ್ನು ಕಾಣದ ಮನೆಯಿಲ್ಲ. ಅದರ ವಿಷಯವಾಗಿ ನಾವು ಈ ಹೊತ್ತು ಹೆಚ್ಚು ಮಾತನಾಡುವುದಿಲ್ಲ. ವಾರದಲ್ಲಿ ಬಹು ದಿನ ಕಾಣಿಸಿಕೊಳ್ಳುತ್ತ, ಆರು ವಾರಗಳನ್ನೂ ಮೀರಿ, ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಬಿಡದೆ ಪೀಡಿಸುವ ಗಂಧೆಯೊಂದುಂಟು. ಅದೇ ನಮ್ಮ ಇಂದಿನ ವಿಷಯ. ಸುಮಾರು ನೂರಕ್ಕೆ ಒಬ್ಬರಿಗೆ ಇದು ಬರುವುದೆಂದೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂದೂ ಎಣಿಸಿರುವರು. ಇದರಿಂದ ಸಾಯುವವರು ಅಪೂರ್ವ. ಆದರೆ ನಿದ್ದೆಗೆಟ್ಟು, ನಾಲ್ಕು ಜನರಲ್ಲಿ ಕುಳಿತುಕೊಳ್ಳಲು ನಾಚಿ, ಊಟಕ್ಕೆ ಕರೆದರೆ ಹೋಗಲು ಹೆದರಿ, ಬದುಕಿನ ರುಚಿಯನ್ನೇ ಕಳೆದುಕೊಂಡವರು ಅಪೂರ್ವವಲ್ಲ.

ನಮ್ಮ ಕಸುಬು ವೈದ್ಯ. ಈ ರೋಗದ ವಿಷಯದಲ್ಲಿ ನಾವು ಮೊದಲು ಮಾಡಿದ ತಪ್ಪನ್ನು ಹೇಳಿಯೇ ಮುಂದೆ ಹೋಗುವುದು ಮೇಲು. ನಾವು ಚಿಕಿತ್ಸೆಗೆ ತೊಡಗಿದ ಮೊದಲ ವರ್ಷಗಳಲ್ಲಿ ಉಪಾಧ್ಯಾಯರೊಬ್ಬರು ಬಂದರು. ಎಂಟು ತಿಂಗಳಿಂದ ಗಂಧೆ. ಪಿತ್ತದ ಗಂಧೆ ಎಂದ ಮೇಲೆ ಪಿತ್ತವೇ ಕಾರಣ, ಪಿತ್ತಕ್ಕೆ ತಂಪೇ ಮದ್ದು ಎಂದು ನಾವು ನಿಶ್ಚಯಿಸಿದೆವು. ತಣ್ಣೀರಿನ ಸ್ನಾನ, ಎಳನೀರು, ಲಾವಂಚದ ನೀರು, ಮೈಗೆ ಗಂಧದ ಲೇಪ, ಎಲ್ಲವನ್ನೂ ಹೇಳಿದೆವು. ಅದರ ಜೊತೆಗೆ ಬದನೆಕಾಯಿ ನಂಜು, ಅದನ್ನು ಬಿಡಿ ಎಂದೆವು. ಕಡಲೆಕಾಯಿಯನ್ನು ಬಿಡಿಸಿದೆವು. ಗುಣವಾಗಲಿಲ್ಲ. ಹುಳಿಯನ್ನು ಬಿಡಿಸಿದೆವು, ಮೊಸರನ್ನು ಬಿಡಿಸಿದೆವು, ಕೊನೆಗೆ ತೊಗರಿಬೇಳೆಯನ್ನೂ ಬಿಡಿಸಿದೆವು. ನೆರೆಹೊರೆಯವರು ತಮ್ಮ ಪಾಲಿಗೆ ಇನ್ನು ನಾಲ್ಕು ಪದಾರ್ಥಗಳನ್ನು ಸೇರಿಸಿದರು. ಪುಷ್ಯಮಾಸದ ಚಳಿಯಲ್ಲಿ ಅವರು ಮತ್ತೆ ಬಂದಾಗ ಗಂಧೆಯು ಇಮ್ಮಡಿಯಾಗಿತ್ತು, ಮನುಷ್ಯರು ಅರ್ಧವಾಗಿದ್ದರು.

"ಪಂಡಿತರೇ, ಇನ್ನು ನೀರನ್ನೂ ಬಿಡಬೇಕೆ?" ಎಂದು ಅವರು ಕೇಳಿದರು. ಹಾಸ್ಯಕ್ಕೆಂದು ಕೇಳಿದ ಮಾತಲ್ಲ ಅದು.

ಅಂದು ರಾತ್ರಿ ನಾವು ಗ್ರಂಥವನ್ನು ತೆಗೆದು ಮೊದಲಿಂದ ಓದಿದೆವು. ರೋಗನಿರ್ಣಯದಲ್ಲಿ ಪ್ರಮಾಣವೆನಿಸಿದ ಮಾಧವನಿದಾನವೆಂಬ ಗ್ರಂಥವು ಮಾಧವಕರನದು. ಕಾಲವು ಸುಮಾರು 7-8ನೆಯ ಶತಮಾನ. ಅದರಲ್ಲಿ ಈ ರೋಗಕ್ಕೆ ಪ್ರತ್ಯೇಕವಾದ ಒಂದು ಅಧ್ಯಾಯವಿದೆ. ಅಲ್ಲಿ ರೋಗದ ಹೆಸರು ಪಿತ್ತವಲ್ಲ, ಶೀತಪಿತ್ತ. ಶೀತವೆಂಬ ಮಾತು ಮುಂದೆ ಇದೆಯೆಂಬುದನ್ನು ತಾವು ಗಮನಿಸಬೇಕು. ತಣ್ಣನೆಯ ಗಾಳಿ ಸೋಕಿದ್ದರಿಂದ ಕಫವೂ ವಾತವೂ ಕೆಟ್ಟು, ಆಮೇಲೆ ಪಿತ್ತವನ್ನು ಕೂಡಿಕೊಂಡು, ಮೈಯ ಒಳಗೂ ಹೊರಗೂ ಹರಡುವುದೆಂದು ಗ್ರಂಥಕಾರನ ಅಭಿಪ್ರಾಯ. ಅಂದರೆ ಪಿತ್ತವು ಈ ಜಗಳವನ್ನು ಎಬ್ಬಿಸಿದವನಲ್ಲ, ನಡುವೆ ಬಂದು ಸೇರಿದವನು. ದದ್ದಿನ ಬಣ್ಣ ಅವನದು, ಜಗಳ ಇನ್ನಿಬ್ಬರದು. ಕನ್ನಡದ ಹೆಸರಿನಲ್ಲಿ ಮೊದಲಿನ ಶೀತವು ಉದುರಿಹೋಗಿ ಪಿತ್ತವೊಂದೇ ಉಳಿದುಕೊಂಡಿತು. ಆ ಹೆಸರನ್ನು ನಂಬಿ ನಾವು ಚಳಿಗಾಲದಲ್ಲಿ ರೋಗಿಗೆ ತಣ್ಣೀರೆರೆದೆವು. ಶಾಸ್ತ್ರವನ್ನು ಓದಿದ ನಮಗಿಂತ ಕಂಬಳಿ ಹೊದಿಸಿದ ಅಜ್ಜಿಯೇ ಶಾಸ್ತ್ರಕ್ಕೆ ಹತ್ತಿರವಾಗಿದ್ದಳು.

ಆ ಅಧ್ಯಾಯದಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ನಾವು ಗಂಧೆ ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ಅಲ್ಲಿ ಹಲವು ಹೆಸರುಗಳಿಂದ ಕರೆದಿರುವರು. ಚುಚ್ಚಿದಂತಹ ನೋವು ಹೆಚ್ಚಾಗಿ, ವಾತವು ಮುಂದಾಗಿರುವುದು ಶೀತಪಿತ್ತ. ಶಿಶಿರ ಋತುವಿನಲ್ಲಿ ಹೆಚ್ಚಿ, ನಡುವೆ ತಗ್ಗಿ ಅಂಚಿನಲ್ಲಿ ಉಬ್ಬಿದ ಕೆಂಪು ಮಂಡಲಗಳಾಗಿ, ತುರಿಕೆಯೇ ಪ್ರಧಾನವಾಗಿ, ಕಫವು ಮುಂದಾಗಿರುವುದು ಉದರ್ದ. ವಾಂತಿಯು ಸರಿಯಾಗಿ ಆಗದೆ, ಹೊರಗೆ ಬರಬೇಕಾದ ದೋಷಗಳು ಒಳಗೆ ನಿಂತುದರಿಂದ ಏಳುವುದು ಕೋಠ. ಅದೇ ಮತ್ತೆ ಮತ್ತೆ, ಒಂದರ ಬೆನ್ನಿಗೆ ಒಂದಾಗಿ ಬರುತ್ತಿದ್ದರೆ ಉತ್ಕೋಠ. ಇನ್ನು ಚರಕ ಸಂಹಿತೆಯಲ್ಲಿ ನೋಡಿದರೆ, ಬರುತ್ತಿರುವ ವಾಂತಿಯನ್ನು ತಡೆದುಕೊಂಡವನಿಗೆ ಆಗುವ ಕೇಡುಗಳಲ್ಲಿ ಕೋಠವನ್ನೂ ಎಣಿಸಿದೆ. ರಕ್ತವು ಕೆಟ್ಟಾಗ ಬರುವ ರೋಗಗಳ ಪಟ್ಟಿಯಲ್ಲಿಯೂ ಅದು ಬಂದಿದೆ.

ಈ ಹೆಸರುಗಳೆಲ್ಲ ಪಂಡಿತರ ಕಾಲಕ್ಷೇಪವೆಂದು ತಾವು ಭಾವಿಸಬಾರದು. ಪ್ರತಿಯೊಂದು ಹೆಸರೂ ವೈದ್ಯನು ರೋಗಿಗೆ ಕೇಳಬೇಕಾದ ಒಂದು ಪ್ರಶ್ನೆ. ಯಾವ ಹೊತ್ತಿನಲ್ಲಿ ಏಳುತ್ತದೆ? ಗಾಳಿಗೆ ಹೋದಾಗಲೋ ಬಿಸಿಲಿಗೆ ಹೋದಾಗಲೋ? ಚುಚ್ಚುತ್ತದೆಯೋ ತುರಿಸುತ್ತದೆಯೋ? ಹೊಟ್ಟೆಯ ಸ್ಥಿತಿ ಹೇಗಿದೆ? ನಮ್ಮ ವೈದ್ಯಪದ್ಧತಿಯ ನಿಜವಾದ ಬಲವಿರುವುದು ಈ ಪ್ರಶ್ನೆಗಳಲ್ಲಿಯೇ ಎಂದು ನಾವು ತಿಳಿದಿದ್ದೇವೆ. ಪ್ರಶ್ನೆಗಳನ್ನು ಬಿಟ್ಟು ಲೇಹ್ಯದ ಡಬ್ಬಿಯನ್ನು ಮಾತ್ರ ಕೊಡುವ ವೈದ್ಯನು ಆಯುರ್ವೇದವನ್ನು ಮಾರುತ್ತಿರುವನೇ ಹೊರತು ನಡೆಸುತ್ತಿಲ್ಲ.

ಈಚಿನ ವಿಜ್ಞಾನವು ಇದೇ ರೋಗವನ್ನು ಬೇರೊಂದು ಕಡೆಯಿಂದ ನೋಡಿರುವುದು. ಚರ್ಮದೊಳಗೆ ಮಾಸ್ಟ್ ಕಣಗಳೆಂಬುವು ಇವೆ. ಅವು ಸಣ್ಣ ಬುಟ್ಟಿಗಳಂತೆ. ಒಳಗೆ ಹಿಸ್ಟಮಿನ್ ಮೊದಲಾದ ದ್ರವ್ಯಗಳು ತುಂಬಿರುವುವು. ಬುಟ್ಟಿಯು ಒಡೆದು ಹಿಸ್ಟಮಿನ್ ಹೊರಗೆ ಚೆಲ್ಲಿದರೆ ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳೊಳಗಿನ ನೀರು ಸುತ್ತಲೂ ಒಸರಿ, ಚರ್ಮವು ಉಬ್ಬುವುದು. ನರದ ತುದಿ ಕೆರಳಿ ತುರಿಕೆಯಾಗುವುದು. ಹಿಸ್ಟಮಿನ್ನಿನ ಗುಣಗಳನ್ನು ಇಂಗ್ಲೆಂಡಿನಲ್ಲಿ ಡೇಲ್ ಮತ್ತು ಲೇಡ್ಲಾ ಎಂಬುವರು 1910ರಲ್ಲಿ ವಿವರಿಸಿದರು. ಚರ್ಮವನ್ನು ಗೀರಿದರೆ ಕೆಂಪಾಗುವುದು, ಸುತ್ತ ಹರಡುವುದು, ಉಬ್ಬುವುದು ಎಂಬ ಮೂರು ಹಂತಗಳನ್ನು ಥಾಮಸ್ ಲೂಯಿಸ್ ಎಂಬ ವೈದ್ಯನು 1927ರ ತನ್ನ ಗ್ರಂಥದಲ್ಲಿ ಬಿಡಿಸಿ ತೋರಿಸಿದನು. ದೀರ್ಘಕಾಲದ ಗಂಧೆಯಲ್ಲಿ ಈ ಬುಟ್ಟಿಗಳನ್ನು ಒಡೆಯುವವರಾರು ಎಂಬುದಕ್ಕೆ ಒಂದು ಉತ್ತರವು 1993ರಲ್ಲಿ ದೊರೆಯಿತು. ಹಲವು ರೋಗಿಗಳಲ್ಲಿ ಅವರ ರಕ್ತವೇ ತಯಾರಿಸಿದ, ತನ್ನವರ ಮೇಲೆಯೇ ಬೀಳುವ ಪ್ರತಿವಸ್ತುಗಳು ಕಣಗಳಿಗೆ ತಗುಲಿ ಅವನ್ನು ಒಡೆಯುವುವು. ಆದುದರಿಂದಲೇ ಗಂಟಲಿನ ಥೈರಾಯ್ಡ್ ಗ್ರಂಥಿಯ ಇದೇ ಜಾತಿಯ ರೋಗವು ಇವರಲ್ಲಿ ಸಾಮಾನ್ಯರಿಗಿಂತ ಹೆಚ್ಚಾಗಿ ಕಾಣುವುದು.

ಇದರಿಂದ ಒಂದು ಮುಖ್ಯ ಸಂಗತಿಯು ಹೊರಡುವುದು. ತಿಂಗಳುಗಟ್ಟಲೆ ನಿಲ್ಲುವ ಗಂಧೆಗೆ ಯಾವುದೋ ಒಂದು ತಿಂಡಿಯೇ ಕಾರಣವಾಗಿರುವುದು ಬಹಳ ಅಪರೂಪ. ತಿಂದ ವಸ್ತು ಒಗ್ಗದೆ ಏಳುವ ಗಂಧೆಯು ಸಾಮಾನ್ಯವಾಗಿ ತಿಂದ ಒಂದೆರಡು ಗಂಟೆಯೊಳಗೆ ಎದ್ದು, ದಿನ ಕಳೆಯುವುದರೊಳಗೆ ಹೋಗುವುದು. ರೋಗಿಗೇ ಕಾರಣವು ಗೊತ್ತಾಗುವುದು. ನಾವು ಉಪಾಧ್ಯಾಯರಿಂದ ಬಿಡಿಸಿದ ಬದನೆಕಾಯಿ, ಬೇಳೆ, ಮೊಸರು ಎಲ್ಲವೂ ನಿರಪರಾಧಿಗಳಾಗಿದ್ದುವು. ಪಥ್ಯವೆಂಬುದು ಹಿತವಾದ ಊಟ. ಉಪವಾಸಕ್ಕೆ ಇಟ್ಟ ಇನ್ನೊಂದು ಹೆಸರಲ್ಲ. ಹಳೆಯ ಅಕ್ಕಿ, ಹೆಸರು, ಹುರುಳಿ, ಹಾಗಲಕಾಯಿ, ಬಿಸಿನೀರು ಎಂದು ಗ್ರಂಥಗಳು ಹೇಳುವುದನ್ನು ನೋಡಿದರೆ ಅದು ಹೊಟ್ಟೆ ತುಂಬ ಉಣ್ಣಬಹುದಾದ ಊಟವೇ ಆಗಿರುವುದು. ಹಗಲುನಿದ್ದೆ ಬೇಡ, ಹಾಲು ಮೀನುಗಳಂತಹ ವಿರುದ್ಧವಾದವನ್ನು ಕೂಡಿಸಿ ತಿನ್ನಬೇಡ, ಬಂದ ವಾಂತಿಯನ್ನು ತಡೆಯಬೇಡ ಎಂಬುದು ನಿಷೇಧದ ಮುಖ್ಯ ಭಾಗ.

ಪಿತ್ತವೆಂದರೆ ಹಿಸ್ಟಮಿನ್ನೇ ಎಂದು ಈಗ ಕೆಲವರು ಬರೆಯುವರು. ಇದು ನಮಗೆ ಒಪ್ಪಿಗೆಯಿಲ್ಲ. ಎರಡು ಭಾಷೆಗಳ ನಿಘಂಟನ್ನು ಹೀಗೆ ಬಲವಂತವಾಗಿ ಗಂಟುಹಾಕಿದರೆ ಎರಡು ಶಾಸ್ತ್ರಗಳಿಗೂ ಅಪಚಾರ. ಆದರೆ ಕಣ್ಣಿಗೆ ಕಂಡ ಸಂಗತಿಯಲ್ಲಿ ಎರಡೂ ಕೂಡುವುದುಂಟು. ತಣ್ಣನೆಯ ಗಾಳಿಯಿಂದ ಏಳುವ ಗಂಧೆಯೊಂದು ಇದೆಯೆಂಬುದನ್ನು ಆಧುನಿಕ ವೈದ್ಯರೂ ಬಲ್ಲರು. ಮುಂಗೈಯ ಮೇಲೆ ಐದು ನಿಮಿಷ ಮಂಜುಗಡ್ಡೆಯನ್ನಿಟ್ಟು ತೆಗೆದು, ಅಲ್ಲಿ ಉಬ್ಬುವುದೋ ಇಲ್ಲವೋ ಎಂದು ಪರೀಕ್ಷಿಸುವರು. ಅಂಥವರು ಕೆರೆಯಲ್ಲೋ ಹೊಳೆಯಲ್ಲೋ ತಟ್ಟನೆ ಧುಮುಕಿದರೆ ಮೈಯೆಲ್ಲ ಒಮ್ಮೆಲೇ ಕೆದರಿ, ನೀರಿನಲ್ಲಿಯೇ ಪ್ರಜ್ಞೆ ತಪ್ಪುವ ಅಪಾಯವುಂಟು. ಇದಕ್ಕೆ ಎದುರಾಗಿ, ಬೆವರಿದರೆ, ಓಡಿದರೆ, ಬಿಸಿನೀರು ಸುರಿದುಕೊಂಡರೆ ಸಣ್ಣ ಸಣ್ಣ ಗುಳ್ಳೆಗಳಾಗಿ ಏಳುವ ಗಂಧೆಯೂ ಇದೆ. ಅದಕ್ಕೆ ಕಂಬಳಿ ಹೊದಿಸಿದರೆ ಅಜ್ಜಿಯದೂ ತಪ್ಪಾಗುವುದು. ಸೊಂಟಕ್ಕೆ ಬಿಗಿದ ಪಟ್ಟಿಯ ಕೆಳಗೆ, ಭಾರ ಹೊತ್ತ ಹೆಗಲಿನಲ್ಲಿ ಏಳುವುದು ಮತ್ತೊಂದು ಬಗೆ.

ಚಿಕಿತ್ಸೆಯ ವಿಷಯಕ್ಕೆ ಬರೋಣ. ಆಯುರ್ವೇದದಲ್ಲಿ ಇದಕ್ಕೆ ಮೊದಲನೆಯದು ಕಾರಣವನ್ನು ಬಿಡುವುದು, ಎರಡನೆಯದು ಶೋಧನ, ಅಂದರೆ ವಾಂತಿ ಭೇದಿಗಳಿಂದ ದೋಷವನ್ನು ಹೊರಗೆ ಹಾಕುವುದು, ಮೂರನೆಯದು ಶಮನ. ವಾಂತಿಗೆ ಪಟೋಲ, ಬೇವು, ಆಡುಸೋಗೆ. ಭೇದಿಗೆ ತ್ರಿಫಲೆ, ಗುಗ್ಗುಲು, ಹಿಪ್ಪಲಿ ಎಂದು ಹೇಳಿದೆ. ಸಾಸಿವೆಯೆಣ್ಣೆಯನ್ನು ಮೈಗೆ ಹಚ್ಚಿ ಬಿಸಿನೀರಿನಿಂದ ಬೆವರಿಸಬೇಕೆಂದೂ ಇದೆ. ಶೋಧನವನ್ನು ಮನೆಯಲ್ಲಿ ತಾವೇ ಮಾಡಿಕೊಳ್ಳಬಾರದು. ಬಸುರಿಯರು, ಮುದುಕರು, ಎದೆಯ ಬೇನೆಯವರು, ಆಗಲೇ ಪಥ್ಯದಿಂದ ಬಡಕಲಾದವರು ಇದಕ್ಕೆ ತಕ್ಕವರಲ್ಲ. ವಾಂತಿ ಕೆಟ್ಟರೆ ಕೋಠವೇ ಏಳುವುದೆಂದು ಗ್ರಂಥವೇ ಹೇಳಿರುವಾಗ ಆತುರವೇಕೆ?

ಚರಕನು ಔಷಧಗಳನ್ನು ಅವುಗಳ ಕೆಲಸಕ್ಕೆ ತಕ್ಕಂತೆ ಹತ್ತು ಹತ್ತಾಗಿ ಗುಂಪುಮಾಡಿರುವನು. ಅವುಗಳಲ್ಲಿ ಉದರ್ದವನ್ನು ಶಮನಮಾಡುವ ಹತ್ತರ ಗುಂಪೇ ಒಂದಿದೆ. ಅದರಲ್ಲಿ ಎಲಚಿ, ಕಗ್ಗಲಿ, ಮದ್ದಾಲೆ, ಬಿಳಿಮತ್ತಿ, ಹೊನ್ನೆ ಮೊದಲಾದುವು ಸೇರಿವೆ. ನಮ್ಮ ಬಯಲುಸೀಮೆಯ, ಮಲೆನಾಡಿನ ಅಂಚಿನ ಕಾಡುಗಳಲ್ಲಿ ನಡೆದಾಡಿದವರಿಗೆ ಇವುಗಳಲ್ಲಿ ಬಹುಪಾಲು ಪರಿಚಿತವಾದ ಮರಗಳೇ. ಹೆಚ್ಚಿನವು ಒಗರು. ಈಗಿನ ಅಂಗಡಿಗಳಲ್ಲಿ ಈ ಗುಂಪನ್ನು ಕೇಳುವವರಿಲ್ಲ. ಎಲ್ಲರಿಗೂ ಬೇಕಾದುದು ಹರಿದ್ರಾಖಂಡ.

ಹರಿದ್ರಾಖಂಡವು ಭೈಷಜ್ಯರತ್ನಾವಳಿಯಲ್ಲಿ ಹೇಳಿದ ಯೋಗ. ಅರಿಶಿನ ಎಂಟು ಪಲ, ತುಪ್ಪ ಆರು ಪಲ, ಹಾಲು ಒಂದು ಆಢಕ, ಸಕ್ಕರೆ ಐವತ್ತು ಪಲ. ಅವನ್ನು ಪಾಕಮಾಡಿ ಶುಂಠಿ, ಮೆಣಸು, ಹಿಪ್ಪಲಿ, ತ್ರಿಫಲೆ, ವಾಯುವಿಳಂಗ, ತಿಗಡೆ, ಲೋಹಭಸ್ಮ ಮೊದಲಾದುವನ್ನು ಒಂದೊಂದು ಪಲದಂತೆ ಬೆರೆಸುವುದು. ಅರಿಶಿನದ ಹೆಸರು ಹೊತ್ತ ಈ ಮದ್ದಿನಲ್ಲಿ ಅರಿಶಿನಕ್ಕಿಂತ ಆರು ಪಾಲಿಗೂ ಮಿಕ್ಕಿ ಸಕ್ಕರೆಯಿರುವುದೆಂಬುದನ್ನು ಸಿಹಿಮೂತ್ರದ ರೋಗಿಗಳು ನೆನಪಿಡಬೇಕು. ಹಾಲು ಮತ್ತು ಕಬ್ಬಿನ ಪದಾರ್ಥಗಳನ್ನು ಈ ರೋಗದಲ್ಲಿ ಅಪಥ್ಯವೆಂದು ಬರೆದ ಶಾಸ್ತ್ರಕಾರರು ಮುಖ್ಯವಾದ ಮದ್ದನ್ನು ಹಾಲು ಸಕ್ಕರೆಗಳಲ್ಲಿಯೇ ಬೇಯಿಸಿದರು. ನಮ್ಮ ಗುರುಗಳು ಇದಕ್ಕೆ ಒಂದು ಸಮಾಧಾನ ಹೇಳುತ್ತಿದ್ದರು, ಅದು ನಮಗೆ ಆಗಲೂ ಹಿಡಿಸಲಿಲ್ಲ. ಆದರೂ ಈ ಲೇಹ್ಯದಿಂದ ಹೊಟ್ಟೆ ಹಗುರಾಗಿ ತುರಿಕೆ ತಗ್ಗಿದವರನ್ನು ನಾವು ಕಂಡಿದ್ದೇವೆ. ಮನೆಮದ್ದುಗಳಲ್ಲಿ ಗರಿಕೆ ಅರಿಶಿನಗಳ ಲೇಪ, ಬೆಲ್ಲದೊಡನೆ ಓಮ, ತುಪ್ಪದೊಡನೆ ಮೆಣಸು ಇವು ನಿರಪಾಯವಾದುವು. ಕರಾವಳಿಯವರು ಪುನರ್ಪುಳಿಯ ಸಾರನ್ನೋ ಪಾನಕವನ್ನೋ ಕುಡಿಯುವರು. ಹುಳಿಯು ಪಿತ್ತವನ್ನು ಹೆಚ್ಚಿಸುವುದೆಂಬ ಸೂತ್ರಕ್ಕೆ ಅದು ಸಿಕ್ಕದು. ಕುಡಿದವರು ಸೂತ್ರವನ್ನು ಕೇಳುವುದೂ ಇಲ್ಲ.

ಇಲ್ಲಿ ನಾವು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಡಿಗೆಯ ಅರಿಶಿನ ಬೇರೆ, ಅದರ ಸಾರವನ್ನು ಗಟ್ಟಿಮಾಡಿ ಮೆಣಸಿನ ಸಾರದೊಡನೆ ಬೆರೆಸಿದ ಮಾತ್ರೆ ಬೇರೆ. ಈಚಿನ ವರ್ಷಗಳಲ್ಲಿ ಅಂತಹ ಮಾತ್ರೆಗಳಿಂದಲೂ, ಅಮೃತಬಳ್ಳಿಯನ್ನು ಬಹುದಿನ ಸೇವಿಸಿದ್ದರಿಂದಲೂ ಪಿತ್ತಜನಕಾಂಗಕ್ಕೆ ಊನವಾದ ವರದಿಗಳು ಬಂದಿವೆ. ಹೆಸರಿಲ್ಲದ ಪೊಟ್ಟಣದ ಪುಡಿ ಎರಡು ದಿನದಲ್ಲಿಯೇ ಗಂಧೆಯನ್ನು ಮಾಯಮಾಡಿದರೆ ಸಂತೋಷಪಡುವುದಕ್ಕೆ ಮೊದಲು ಸಂದೇಹಪಡುವುದು ಒಳ್ಳೆಯದು. ಅಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಸಿರುವುದು ಪರೀಕ್ಷೆಯಿಂದ ಹೊರಬಿದ್ದಿರುವುದುಂಟು.

ಗುಣವಾಯಿತೆಂದು ಹೇಳುವುದೂ ಈ ರೋಗದಲ್ಲಿ ಸುಲಭವಲ್ಲ. ಹಳೆಯ ಯೋಗಗಳಲ್ಲಿ ಕೆಲವಕ್ಕೆ ಏಳು ದಿನದಲ್ಲಿ ಗುಣವೆಂಬ ಮಾತುಂಟು. ಹೊಸದಾಗಿ ಎದ್ದ ಗಂಧೆಯು ಮದ್ದಿಲ್ಲದೆಯೂ ಬಹುಮಟ್ಟಿಗೆ ಅಷ್ಟರಲ್ಲಿ ಅಡಗುವುದು. ಕೀರ್ತಿ ಓಮಕ್ಕೆ ಸಲ್ಲುವುದು. ದೀರ್ಘಕಾಲದ ಗಂಧೆಯೂ ಹಲವರಲ್ಲಿ ಒಂದರಿಂದ ಐದು ವರ್ಷಗಳೊಳಗೆ ತಾನಾಗಿಯೇ ಬಿಡುವುದು. ಆಗ ಕೊನೆಗೆ ನೋಡಿದ ವೈದ್ಯನೇ ಧನ್ವಂತರಿ. ಹರಿದ್ರಾಖಂಡವನ್ನು ಕುರಿತು ಪರೀಕ್ಷೆಗಳು ನಡೆದಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಸಣ್ಣವು. ಮದ್ದು ಕೊಡದ ಇನ್ನೊಂದು ಗುಂಪಿನೊಡನೆ ಹೋಲಿಸಿ ನೋಡದಿದ್ದರೆ, ಈ ರೋಗದಲ್ಲಿ ಅಂತಹ ಎಣಿಕೆಗೆ ಬೆಲೆಯಿಲ್ಲ. ಹಿಸ್ಟಮಿನ್ನನ್ನು ತಡೆಯುವ ಇಂಗ್ಲಿಷ್ ಮಾತ್ರೆಗಳನ್ನು ಈ ರೀತಿ ಒರೆಗೆ ಹಚ್ಚಿರುವರು. ಮೊದಲಿನವು ತೂಕಡಿಕೆ ತರುತ್ತಿದ್ದುವು. ಈಗಿನವು ಅಷ್ಟಾಗಿ ತರುವುದಿಲ್ಲ. ಅದಕ್ಕೂ ಬಗ್ಗದವರಿಗೆ ಒಮಾಲಿಝುಮ್ಯಾಬ್ ಎಂಬ ಸೂಜಿಮದ್ದು 2014ರಿಂದ ಬಳಕೆಗೆ ಬಂದಿದೆ, ಬೆಲೆ ಹೆಚ್ಚು. ಇವುಗಳನ್ನು ತೆಗೆದುಕೊಳ್ಳುತ್ತಿರುವವರು ನಮ್ಮ ಮಾತನ್ನು ಕೇಳಿ ತಟ್ಟನೆ ನಿಲ್ಲಿಸಬಾರದು. ಮಾತ್ರೆಯಿಂದ ರಾತ್ರಿಯ ನಿದ್ದೆಯನ್ನು ಉಳಿಸಿಕೊಂಡು, ಊಟ, ಮಲಶುದ್ಧಿ, ಸ್ನಾನ, ನಿದ್ದೆಗಳ ಕ್ರಮಕ್ಕೆ ನಮ್ಮಲ್ಲಿಗೆ ಬಂದರೆ ನಮಗೇನೂ ಅವಮಾನವಿಲ್ಲ.

ಕೆಲವು ಸಂದರ್ಭಗಳಲ್ಲಿ ನಮ್ಮಲ್ಲಿಗೆ ಬರಲೇಕೂಡದು. ತುಟಿ ನಾಲಗೆ ಊದಿ, ದನಿ ಕುಗ್ಗಿ, ಉಸಿರು ಕಟ್ಟಿದಂತಾಗಿ, ತಲೆ ತಿರುಗಿದರೆ ಅದು ಲೇಪ ಅರೆಯುವ ಹೊತ್ತಲ್ಲ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಳಗೂ ಹೊರಗೂ ಹರಡುವುದೆಂದು ಮಾಧವಕರನು ಬರೆದ ಮಾತು ಆಗ ನಮಗೆ ನೆನಪಾಗುವುದು. ಒಂದೇ ದದ್ದು ಒಂದೇ ಕಡೆ ಇಪ್ಪತ್ತನಾಲ್ಕು ಗಂಟೆಗೂ ಮೀರಿ ನಿಂತು, ಉರಿದು, ಹೋಗುವಾಗ ಕಪ್ಪು ಕಲೆಯನ್ನು ಬಿಟ್ಟರೆ ಅದು ಗಂಧೆಯಲ್ಲದೆ ರಕ್ತನಾಳದ ಉರಿಯೂತವಾಗಿರಬಹುದು. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಉಪಾಧ್ಯಾಯರ ಕಥೆ ಉಳಿಯಿತು. ಗ್ರಂಥವನ್ನು ಓದಿದ ಮಾರನೆಯ ದಿನ ನಾವು ಅವರ ಮನೆಗೇ ಹೋಗಿ, ನಿಷೇಧಿಸಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆವು. ಒಂದು ಸಣ್ಣ ಪುಸ್ತಕವನ್ನು ಅವರ ಕೈಗೆ ಕೊಟ್ಟು, "ಮೇಷ್ಟ್ರೇ, ಒಂದು ತಿಂಗಳು ಹಾಜರಿ ಪುಸ್ತಕದಂತೆ ಇದನ್ನು ಬರೆಯಿರಿ. ಗಂಧೆ ಎದ್ದ ಹೊತ್ತು, ಅದಕ್ಕೆ ಮೊದಲು ಮಾಡಿದ ಕೆಲಸ, ನುಂಗಿದ ವಸ್ತು, ಒಂದನ್ನೂ ಬಿಡಬೇಡಿ" ಎಂದೆವು. ಅವರು ಅಕ್ಷರ ತಪ್ಪದೆ ಬರೆದರು. ತಿಂಗಳಾದ ಮೇಲೆ ನೋಡಿದರೆ, ವಾರದಲ್ಲಿ ಎರಡು ಮೂರು ದಿನ ಅವರು ತಲೆನೋವಿಗೆಂದು ಅಂಗಡಿಯ ಮಾತ್ರೆಯನ್ನು ನುಂಗುತ್ತಿದ್ದರು. ಆ ದಿನಗಳಲ್ಲಿ ಗಂಧೆಯು ವಿಪರೀತ. ಆಸ್ಪಿರಿನ್ ಜಾತಿಯ ನೋವಿನ ಮಾತ್ರೆಗಳು ಈ ರೋಗವನ್ನು ಕೆರಳಿಸುವುದುಂಟೆಂದು ಈಗ ಎಲ್ಲ ವೈದ್ಯರೂ ಬಲ್ಲರು. ಮಾತ್ರೆ ಮದ್ದಲ್ಲವೆ, ಅದನ್ನು ಊಟದೊಡನೆ ಏಕೆ ಹೇಳಬೇಕೆಂದು ಅವರು ನಮಗೆ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಇನ್ನೊಂದು, ಮುಂಜಾವದಲ್ಲಿ ಬಾವಿಯ ಕಟ್ಟೆಯ ಮೇಲೆ ಮಾಡುತ್ತಿದ್ದ ತಣ್ಣೀರಿನ ಸ್ನಾನ. ಅದು ನಮ್ಮ ಉಪದೇಶ.

ಎರಡನ್ನೂ ನಿಲ್ಲಿಸಿದ ಮೇಲೆ ಗಂಧೆಯು ಅರ್ಧಕ್ಕೆ ಇಳಿಯಿತು. ಪೂರ್ತಿಯಾಗಿ ಹೋಗಲಿಲ್ಲ. ರಾತ್ರಿಗೆ ಒಂದು ಇಂಗ್ಲಿಷ್ ಮಾತ್ರೆಯನ್ನು ಡಾಕ್ಟರೊಬ್ಬರು ಕೊಟ್ಟರು. ಬೆಳಗ್ಗೆ ನಾವು ಹರಿದ್ರಾಖಂಡವನ್ನು ಕೊಟ್ಟೆವು. ಮೂರನೆಯ ವರ್ಷದ ಯುಗಾದಿಯ ಹೊತ್ತಿಗೆ ಅದು ಹೇಗೆ ಬಂದಿತ್ತೋ ಹಾಗೆಯೇ ಹೊರಟುಹೋಯಿತು. ಯಾರ ಮದ್ದಿನಿಂದ ಹೋಯಿತೆಂದು ಅವರು ಕೇಳಿದರು. ಡಾಕ್ಟರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಆ ಹಬ್ಬದ ದಿನ ನಮ್ಮನ್ನು ಊಟಕ್ಕೆ ಕರೆದಿದ್ದರು. ಎಲೆಯ ತುಂಬ ವಾಂಗೀಭಾತು ಬಡಿಸಿಕೊಂಡು, ಮೊದಲ ತುತ್ತಿಗೆ ಮುಂಚೆ ಅವರು ನಮ್ಮ ಮುಖವನ್ನು ಒಮ್ಮೆ ನೋಡಿದರು; ನಾವು ನಮ್ಮ ಎಲೆಯನ್ನು ನೋಡಿಕೊಂಡೆವು.